ಬಾಕ್ಸಿಲ್ಲದೆ ಬಂದ ಕಾರ್ಡ್

ಗಲ್ಫಿನಿಂದ ನಮ್ಮ ಮನೆಗೆ ಬರುವ ಸಾಮಾನು ಬಾಕ್ಸಿನ ಜೊತೆ ಬರುವುದು ಕಡಿಮೆ. ಬಾಕ್ಸ್ ಅಂದರೆ ತೂಕ, ಬಾಕ್ಸ್ ಅಂದರೆ ಜಾಗ, ಬಾಕ್ಸ್ ಅಂದರೆ ವಿಮಾನ ಇಳಿದ ಮೇಲೆ ಬ್ಯಾಗ್ ತೆರೆಸಿ ಕೇಳುವ ಪ್ರಶ್ನೆ. ಹಾಗಾಗಿ ಅಲ್ಲಿಂದ ಹೊರಡುವವರು ಎಲ್ಲವನ್ನೂ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಹಾಲಿನ ಪುಡಿ ಮತ್ತು ಖರ್ಜೂರದ ನಡುವೆ ತುರುಕಿ ತರುತ್ತಾರೆ. ಬಾಕ್ಸ್ ಅಲ್ಲಿಯೇ ಕಸಕ್ಕೆ. ಈ ರೂಢಿ ಎಷ್ಟು ಹಳತೆಂದರೆ, ಹೊಸ ವಸ್ತು ಹೊಸ ಬಾಕ್ಸಿನಲ್ಲಿ ಬಂದರೆ ನನ್ನ ಅಮ್ಮನಿಗೆ ಅದು ಇಲ್ಲಿಯದ್ದೇ ಇರಬೇಕೆಂದು ಅನುಮಾನ.

ಈ ಸಲ ಒಂದು ನೀಲಿ ಬೈರಾಸಿನಲ್ಲಿ, ಮೈ ಒರೆಸುವ ಬಟ್ಟೆಯಲ್ಲಿ, ಸುತ್ತಿಕೊಂಡು ಬಂದದ್ದು ನನ್ನ ಗ್ರಾಫಿಕ್ಸ್ ಕಾರ್ಡ್.

ತಂದವರು ನಮ್ಮ ಗಲ್ಲಿಯ ಕೊನೆಯ ಮನೆಯ ಕಾಕ. ನನ್ನ ಅಣ್ಣ ಇರುವ ಗಲ್ಫಿನ ಊರಿನಲ್ಲೇ ಅವರಿಗೂ ಕೆಲಸ. ರಜೆಯಲ್ಲಿ ನಮ್ಮ ಕುದ್ರೋಳಿಗೆ ಬಂದಾಗಲೆಲ್ಲ ನಮ್ಮ ಪಾಲಿನ ಕಟ್ಟು ಅವರ ಬ್ಯಾಗಿನಲ್ಲಿರುತ್ತದೆ. ಭಾನುವಾರ ಬೆಳಿಗ್ಗೆ ಬಂದು, ಚಾ ಕುಡಿದು, ಎರಡು ವಸ್ತು ಮೇಜಿನ ಮೇಲೆ ಇಟ್ಟರು. ಒಂದು ಬೈರಾಸಿನ ಕಟ್ಟು. ಇನ್ನೊಂದು ಹ್ಯಾಂಡ್ ಬ್ಲೆಂಡರ್. ಬ್ಲೆಂಡರ್ ಮಾತ್ರ ಬಾಕ್ಸ್ ಸಮೇತ ಬಂದಿತ್ತು, ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಅದನ್ನು ನಾವು ಯಾರೂ ಕೇಳಿರಲಿಲ್ಲ. ಅಣ್ಣ ಪ್ರೀತಿಯಿಂದ ಕೊಟ್ಟದ್ದು ಎಂದರು ಕಾಕ. ಅವರಿಗೆ ಬೇರೇನೂ ಗೊತ್ತಿರಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಗ್ರಾಫಿಕ್ಸ್ ಕಾರ್ಡ್ ಎಂತ ಎಂದು ಕಂಪ್ಯೂಟರಿನಲ್ಲಿ ಆಡುವವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಆಟದಲ್ಲಿ ಬೆಟ್ಟ, ಮಳೆ, ಕುದುರೆ, ಕುದುರೆಯ ಬೆನ್ನಿನ ಬೆವರು, ಇಷ್ಟನ್ನೂ ಪರದೆಯ ಮೇಲೆ ಬಿಡಿಸುವುದು ಆ ಕಾರ್ಡ್. ಆಟಕ್ಕೆಂದೇ ಕಟ್ಟುವ ಕಂಪ್ಯೂಟರಿನಲ್ಲಿ ಅತಿ ದುಬಾರಿ ಭಾಗವೂ ಅದೇ. ನಾನು ಆರಿಸಿದ್ದ ಕಾರ್ಡಿಗೆ ಒಂದು ಅವಳಿ ಉಂಟು. ಅದೇ ಹೆಸರು, ಅದೇ ಚಿಪ್, ಅದೇ ಎರಡು ಫ್ಯಾನ್, ಅದೇ ಕಪ್ಪು ಮೈ. ಒಂದರಲ್ಲಿ ಹದಿನಾರು ಜಿಬಿ ಮೆಮೊರಿ, ಇನ್ನೊಂದರಲ್ಲಿ ಎಂಟು. ಆ ವ್ಯತ್ಯಾಸವನ್ನು ಬಾಕ್ಸಿನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ. ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟು ಮಾರುವುದಕ್ಕೆ ಇವರಿಗೆ ನಾಚಿಕೆ ಆಗುವುದಿಲ್ಲವೇ ಎಂದು ನನಗೆ ಮೊದಲ ಸಿಟ್ಟು ಬಂದದ್ದು ಅಲ್ಲಿ. ಗೊತ್ತಿಲ್ಲದವನು ಕಡಿಮೆಯದ್ದನ್ನು ಕೊಂಡು ಹೋಗಲಿ ಎಂದೇ ಮಾಡಿದ್ದು ಅದು. ಬೇರೆ ಯಾವ ಕಾರಣವೂ ಇರಲಿಕ್ಕೆ ಸಾಧ್ಯವಿಲ್ಲ.

ನಾನು ಗೊತ್ತಿಲ್ಲದವಳಲ್ಲ. ವಾರಗಟ್ಟಲೆ ಕೂತು ಓದಿದ್ದೆ. ಎರಡನ್ನೂ ಒಂದೇ ಆಟದಲ್ಲಿ ಓಡಿಸಿ ತೋರಿಸುವ ವಿಡಿಯೋಗಳನ್ನು ನೋಡಿದ್ದೆ. ಸಣ್ಣ ಆಟಗಳಲ್ಲಿ ಎರಡೂ ಸಮ. ನಾನು ಆಡುವುದು ದೊಡ್ಡ ಲೋಕದ ಆಟ. ಕುದುರೆ ಹತ್ತಿ ಒಂದು ದಿಕ್ಕಿಗೆ ಹೋದರೆ ಹೋಗುತ್ತಲೇ ಇರಬಹುದು, ಯಾರೂ ತಡೆಯುವುದಿಲ್ಲ. ಅಷ್ಟು ದೊಡ್ಡ ಲೋಕ ಎಂಟರಲ್ಲಿ ಹಿಡಿಸುವುದಿಲ್ಲ. ಓಡುತ್ತಿದ್ದ ಕುದುರೆ ತಡವರಿಸುತ್ತದೆ, ಮುಂದಿನ ಊರಿನ ಗೋಡೆಗಳು ಕೆಸರು ಬಳಿದ ಹಾಗೆ ಮಸುಕಾಗಿ ನಿಲ್ಲುತ್ತವೆ. ಹದಿನಾರೇ ಬೇಕೆಂದು ನಾನು ತೀರ್ಮಾನಿಸಿದ್ದು ಇದಕ್ಕಾಗಿ.

ಮೊದಲು ಹಂಪನಕಟ್ಟೆಯ ಒಂದು ಅಂಗಡಿಗೆ ಹೋಗಿದ್ದೆ. ಉಳಿದ ಭಾಗಗಳನ್ನೆಲ್ಲ ಕೊಂಡು ಜೋಡಿಸಿಕೊಂಡದ್ದು ಅಲ್ಲಿಯೇ. ಕಾರ್ಡ್ ಕೇಳಿದಾಗ ಮಾಲೀಕರು ನನ್ನ ಮುಖ ನೋಡಿದರು.

"ಮಗನಿಗಾ ಮೇಡಂ?"

ನನಗೆ ಎಂದೆ. ಎಡಿಟಿಂಗ್ ಕೆಲಸವಾ ಎಂದು ಕೇಳಿದರು. ಆಟಕ್ಕೆ ಎಂದೆ. ಅವರು ನಕ್ಕು, ಎಂಟರ ಬಾಕ್ಸನ್ನು ಕೌಂಟರಿನ ಮೇಲೆ ಇಟ್ಟರು. ಇದು ಸಾಕು, ಲೇಡೀಸ್ ಹೆವಿ ಗೇಮೆಲ್ಲ ಆಡುವುದಿಲ್ಲ, ಎರಡೂ ಒಂದೇ ಎಂದರು. ಹದಿನಾರರದ್ದು ಬೇಕಾದರೆ ತರಿಸಬೇಕು, ಯಾಕೆ ಸುಮ್ಮನೆ ಎಂದೂ ಸೇರಿಸಿದರು. ನನ್ನ ಸಂಬಳದ ಹಣದಲ್ಲಿ, ನನ್ನ ಮನೆಯಲ್ಲಿ, ನನ್ನ ಕೆಲಸ ಮುಗಿದ ಮೇಲೆ ನಾನು ಆಡುವ ಆಟಕ್ಕೆ ಈ ಮನುಷ್ಯ ಅಳತೆ ಹಾಕುತ್ತಿದ್ದರು. ಬಾಕ್ಸನ್ನು ಅವರ ಕಡೆಗೇ ತಳ್ಳಿ ಹೊರಗೆ ಬಂದೆ.

ಮನೆಯಲ್ಲಿ ಹೇಳಿದಾಗ ಅಮ್ಮ ಅಂದದ್ದು ಊರಲ್ಲಿ ಎಲ್ಲರೂ ಅನ್ನುವ ಮಾತೇ. ಅಲ್ಲಿ ಅಣ್ಣ ಇರುವಾಗ ಇಲ್ಲಿ ಯಾಕೆ ತೆಗೆದುಕೊಳ್ಳುವುದು, ಅಲ್ಲಿ ಒಳ್ಳೆಯದು ಸಿಗುತ್ತದೆ. ಈ ಭಾಗದಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಗಲ್ಫಿನಲ್ಲಿ ಒಬ್ಬ ಇದ್ದರೆ ಟಾರ್ಚು, ಕಂಬಳಿ, ಫೋನು, ಎಲ್ಲ ಅವನಿಂದಲೇ. ನಾನೂ ಒಪ್ಪಿದೆ. ಪೂರ್ತಿ ಹಣವನ್ನು ಅಣ್ಣನ ಖಾತೆಗೆ ಹಾಕಿದೆ. ಫೋನಿನಲ್ಲಿ ಬರೆದು ಕಳಿಸಿದೆ: ಕಾರ್ಡಿನ ಹೆಸರು, ಅದರ ಮುಂದೆ ಹದಿನಾರು, ಬಾಕ್ಸಿನ ಫೋಟೋ, ಫೋಟೋದಲ್ಲಿ ಮೂಲೆಯ ಅಂಕಿಗೆ ಕೆಂಪು ಸುತ್ತು. ಕೆಳಗೆ ಇನ್ನೊಂದು ಸಾಲು: ಎಂಟರದ್ದು ಬೇಡ, ಹದಿನಾರು ಇಲ್ಲದಿದ್ದರೆ ತರಬೇಡ. ಅಣ್ಣ ಸರಿ ಎಂಬ ಹೆಬ್ಬೆರಳಿನ ಚಿತ್ರ ಕಳಿಸಿದ.

ಬರೆಯುವುದು ನನಗೆ ಉದ್ಯೋಗ. ಬಂದರಿನ ವ್ಯವಹಾರ ನೋಡುವ ಒಂದು ಆಫೀಸಿನಲ್ಲಿ ಹಡಗಿಗೆ ಹೋಗುವ ಸರಕಿನ ಕಾಗದಪತ್ರ ನನ್ನ ಕೆಲಸ. ಗೋಡಂಬಿಯ ಗ್ರೇಡಿನಲ್ಲಿ ಒಂದು ಅಂಕಿ ತಪ್ಪಿದರೂ ಕಂಟೇನರ್ ಅಲ್ಲೇ ನಿಲ್ಲುತ್ತದೆ. ಎರಡೂ ಗೋಡಂಬಿಯೇ ಅಲ್ವಾ ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ಆ ಭಾನುವಾರ ಕಾಕ ಹೋದ ಮೇಲೆ ಕಟ್ಟು ಬಿಚ್ಚಿದೆ. ಬೈರಾಸಿನ ಒಳಗೆ ಕಾರ್ಡಿಗೆ ಅಗಲದ ಕಂದು ಟೇಪ್ ಸುತ್ತಿದ್ದರು. ಟೇಪ್ ಎಳೆದಾಗ ಕಾರ್ಡಿನ ಹಿಂದಿನ ಸ್ಟಿಕ್ಕರ್ ಅದರ ಜೊತೆಗೇ ಕಿತ್ತು, ಚೂರು ಚೂರಾಗಿ ಬಂತು. ಯಾವ ಅಂಕಿಯೂ ಓದಲಿಕ್ಕೆ ಉಳಿಯಲಿಲ್ಲ. ಕೈಯಲ್ಲಿ ಹಿಡಿದು ನೋಡಿದರೆ ಎಂಟೋ ಹದಿನಾರೋ ದೇವರಿಗೂ ಗೊತ್ತಾಗಲಿಕ್ಕಿಲ್ಲ. ಆದರೂ ಆಗ ಸಂಶಯ ಬರಲಿಲ್ಲ, ಅಷ್ಟು ಸ್ಪಷ್ಟವಾಗಿ ಬರೆದಿದ್ದೆನಲ್ಲ. ಕಂಪ್ಯೂಟರ್ ಕ್ಯಾಬಿನೆಟ್ಟಿನ ಬಾಗಿಲು ತೆಗೆದು, ಕಾರ್ಡನ್ನು ಅದರ ಸೀಳಿನಲ್ಲಿ ಇಟ್ಟು ಒತ್ತಿದೆ. ಟಕ್ ಎಂದು ಕೂತಿತು. ಅಮ್ಮ ಬಾಗಿಲಲ್ಲಿ ನಿಂತು, ಕರೆಂಟ್ ಹೊಡೀತದಾ ನೋಡು ಎನ್ನುತ್ತಿದ್ದರು. ಕಂಪ್ಯೂಟರ್ ಶುರುವಾಯಿತು. ಒಳಗೆ ಹೋಗಿ ಕಾರ್ಡಿನ ವಿವರ ತೆರೆದೆ.

ಎಂಟು.

ಮುಚ್ಚಿ ಇನ್ನೊಮ್ಮೆ ತೆರೆದೆ. ಎಂಟೇ.

ಬಾಕ್ಸಿಲ್ಲ, ಸ್ಟಿಕ್ಕರಿಲ್ಲ. ಹಿಂದೆ ಕೊಡುತ್ತೇನೆಂದರೆ ಯಾವ ಅಂಗಡಿಯೂ ಮುಟ್ಟುವುದಿಲ್ಲ. ಅಮ್ಮನಿಗೆ ಹೇಳಿದೆ. ನಾವು ಮನೆಯಲ್ಲಿ ಆಡುವುದು ತುಳು, ಕನ್ನಡದಲ್ಲಿ ಬರೆದರೆ ಅಮ್ಮನ ಮಾತು ಇಷ್ಟು: "ಅವ ಅಷ್ಟು ದೂರದಿಂದ ಕಳಿಸಿದ್ದಾನೆ ಮಗಾ. ಆಟ ಆಡಲಿಕ್ಕೆ ಅಲ್ವಾ, ಇದರಲ್ಲೇ ಆಡು. ಅವನಿಗೆ ಹೇಳಲಿಕ್ಕೆ ಹೋಗಬೇಡ, ಬೇಜಾರ ಮಾಡಿಕೊಳ್ತಾನೆ."

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ಸುಳ್ಳು. ನನಗೆ ಸಿಟ್ಟು ಬಹಳ ನಿಧಾನಕ್ಕೆ ಬರುತ್ತದೆ. ಬಂದದ್ದು ಹೋಗುವುದಿಲ್ಲ, ಅಷ್ಟೇ. ಅವನ ಬೇಜಾರದ ಚಿಂತೆ ಎಲ್ಲರಿಗೂ ಉಂಟು. ಕೇಳಿದ್ದು ಒಂದು, ಕೈಗೆ ಬಂದದ್ದು ಇನ್ನೊಂದು ಆದಾಗ ನಾನು ಮಾತ್ರ ಸುಮ್ಮನೆ ನಗಬೇಕು.

ಅಣ್ಣನ ರಜೆಯ ದಿನ ಫೋನು ಮಾಡಿದೆ. ಅಂಗಡಿಯಲ್ಲಿ ತಪ್ಪಾಗಿರಬಹುದು, ಯಾರೋ ಮೋಸ ಮಾಡಿರಬಹುದು ಎಂದು ಅವನಿಗೊಂದು ದಾರಿ ಬಿಟ್ಟೇ ಮಾತು ಶುರು ಮಾಡಿದ್ದೆ. ಅವನಿಗೆ ಆ ದಾರಿ ಬೇಕಾಗಿರಲಿಲ್ಲ.

"ಎಂತ ತಪ್ಪು? ನಾನೇ ನೋಡಿ ತೆಗೆದದ್ದು. ಎರಡೂ ಒಂದೇ ಮಾರಾಯ್ತಿ. ನಮ್ಮ ರೂಮಿನವ ಒಬ್ಬ ಆಡ್ತಾನೆ ಇದನ್ನೆಲ್ಲ, ಅವನೇ ಹೇಳಿದ."

"ನಾನು ಬರೆದು ಕಳಿಸಿದ್ದು ನೋಡ್ಲಿಲ್ವಾ?"

"ನೋಡಿದೆ. ಕೆಂಪು ಸುತ್ತೆಲ್ಲ ಹಾಕಿದ್ದಿ. ನಿನಗೆ ಎಷ್ಟು ಬೇಕು ಅಂತ ನನಗೆ ಗೊತ್ತಿಲ್ವಾ? ನೀನು ಎಂತ ಯುದ್ಧಕ್ಕೆ ಹೋಗ್ತೀಯಾ ಅದರಲ್ಲಿ? ಉಳಿದದ್ದಕ್ಕೆ ಬ್ಲೆಂಡರ್ ತೆಗೆದೆ. ಅಮ್ಮನಿಗೂ ಆಗ್ತದೆ, ನಿನಗೂ ಆಗ್ತದೆ."

ನಾನು ಫೋನ್ ಕೆಳಗೆ ಇಟ್ಟೆ. ಕಡಿದು ಹಾಕಲಿಲ್ಲ, ಮೇಜಿನ ಮೇಲೆ ಇಟ್ಟೆ. ಅದರೊಳಗಿನಿಂದ ಅವನ ಸ್ವರ ಸಣ್ಣದಾಗಿ ಬರುತ್ತಿತ್ತು. ಹಲೋ, ಹಲೋ, ಇದ್ದೀಯಾ.

ಎರಡೂ ಒಂದೇ ಎಂಬ ಈ ಮಾತನ್ನು ನಾನು ಮೊದಲೇ ಒಮ್ಮೆ ಕೇಳಿದ್ದೆ, ಇದೇ ಬಾಯಿಯಿಂದ.

ಪಿಯುಸಿ ಮುಗಿಸಿದ ವರ್ಷ ನನಗೆ ಕಂಪ್ಯೂಟರ್ ಓದಬೇಕಿತ್ತು. ಕದ್ರಿಯ ಕಡೆ ಒಂದು ಕಾಲೇಜಿನಲ್ಲಿ ಬಿಸಿಎ ಇತ್ತು, ನನ್ನ ಮಾರ್ಕಿಗೆ ಸೀಟೂ ಸಿಗುತ್ತಿತ್ತು. ಅಪ್ಪ ಆಗಲೇ ಇರಲಿಲ್ಲ. ನಾನೂ ಅಮ್ಮನೂ ಬೀಡಿ ಕಟ್ಟಿ ಕೂಡಿಸಿಟ್ಟದ್ದು ಮೊದಲ ವರ್ಷಕ್ಕೆ ಸಾಕಿತ್ತು. ಅರ್ಜಿ ಕೊಡಬೇಕಾದ ದಿನವೇ ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಒಪ್ಪಿಸಬೇಕಿತ್ತು. ಅಮ್ಮನಿಗೆ ಜ್ವರ, ನಾನು ಬ್ರಾಂಚಿಗೆ ಹೋದೆ, ಅಣ್ಣ ಕಾಲೇಜಿಗೆ ಹೋದ. ಹತ್ತನೇ ಕ್ಲಾಸಿಗೆ ಬಿಟ್ಟವನು ಅವನು, ಆಗ ಒಂದು ಹೋಟೆಲಿನಲ್ಲಿ ಕೆಲಸ. ಸಂಜೆ ಬಂದು, ಅಡ್ಮಿಷನ್ ಆಯಿತು ಎಂದ. ಬೇರೆ ಕಾಲೇಜು, ಸಂಜೆ ಕಾಲೇಜು, ಬಿಕಾಂ. ಅವನ ಜೊತೆಗಿದ್ದ ಯಾರೋ ಹೇಳಿದ್ದರಂತೆ, ಎರಡೂ ಡಿಗ್ರಿಯೇ, ಎರಡೂ ಒಂದೇ ಎಂದು. ಹುಡುಗಿಗೆ ಅಷ್ಟು ಸಾಕು ಎಂದು ಅವನಿಗೂ ಅನ್ನಿಸಿತ್ತು. ಹಗಲು ಬೀಡಿ ಕಟ್ಟಲಿಕ್ಕೂ ಆಗುತ್ತದೆ ಎಂದ. ಒಳ್ಳೆಯದು ಮಾಡಿದವನ ಮುಖ ಇತ್ತು ಅವನಿಗೆ. ಅಮ್ಮ, ಅವ ಅಷ್ಟು ಓಡಾಡಿದ್ದಾನೆ, ಬೇಜಾರ ಮಾಡಿಕೊಳ್ತಾನೆ ಎಂದರು.

ಆ ಬಿಕಾಂ ಅನ್ನೇ ಮಾಡಿದೆ. ಬೆಳಿಗ್ಗೆಯಿಂದ ತಡ್ಪೆ, ಮೊರದಂಥ ತಟ್ಟೆ, ಮಡಿಲಲ್ಲಿ ಇಟ್ಟುಕೊಂಡು ಬೀಡಿ, ಸಂಜೆ ಬಸ್ಸು, ಕ್ಲಾಸು. ಬೆರಳಿನಿಂದ ತಂಬಾಕಿನ ವಾಸನೆ ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವಳು ಒಂದು ವಾರದ ನಂತರ ಬೆಂಚು ಬದಲಾಯಿಸಿದಳು. ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಅಪ್ಪನ ಕಡೆ, ಅಮ್ಮನ ಕಡೆ ಎಲ್ಲ ಸೇರಿದರೂ ನಮ್ಮಲ್ಲಿ ಡಿಗ್ರಿ ಎಂದು ಮಾಡಿದವಳು ನಾನೇ ಮೊದಲು. ಗೋಡೆಯಲ್ಲಿ ಚೌಕಟ್ಟು ಹಾಕಿಸಿ ಇಟ್ಟಿದ್ದೇನೆ, ಬಂದವರಿಗೆ ಎದುರು ಕಾಣುವ ಹಾಗೆ. ಅದರ ಬಗ್ಗೆ ನನಗೆ ಜಂಬ ಉಂಟು, ಯಾರಿಗೂ ಮುಚ್ಚಿಡುವುದಿಲ್ಲ. ಆದರೆ ಅದು ನಾನು ಆರಿಸಿದ್ದಲ್ಲ. ಕೊಟ್ಟದ್ದನ್ನು ಹಿಡಿದು ಗೆದ್ದದ್ದು. ಗೆದ್ದೆ ಎಂಬ ಕಾರಣಕ್ಕೆ ಆರಿಸುವ ಹಕ್ಕು ಬೇಡ ಎಂದು ನಾನು ಯಾವತ್ತೂ ಹೇಳಿಲ್ಲ.

ಮೇಜಿನ ಮೇಲಿನ ಫೋನು ಎತ್ತಿದೆ.

"ಅಣ್ಣ, ಕಾಕ ವಾಪಸ್ ಬರುವಾಗ ಇದನ್ನು ಅವರ ಕೈಯಲ್ಲಿ ಕೊಡ್ತೇನೆ. ಅಲ್ಲಿ ಎರಡೂ ಒಂದೇ ಅಂದವ ಇದ್ದಾನಲ್ಲ, ಅವನಿಗೆ ಕೊಡು. ಅವನಿಗೆ ವ್ಯತ್ಯಾಸ ಇಲ್ಲ. ನನಗೆ ಉಂಟು."

ನಿನಗೆ ತಲೆ ಕೆಟ್ಟಿದೆಯಾ ಎಂದು ಕೇಳಿದ. ಓದಿದ ಮೇಲೆ ನಿನಗೆ ಜೋರು ಹೆಚ್ಚಾಯಿತು ಎಂದ. ಹೌದು ಎಂದೆ. ಅದಕ್ಕೇ ಓದಿದ್ದು ಎಂದೆ. ಈ ಸಲ ಕಡಿದು ಹಾಕಿದೆ.

ಅಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಬಂಗುಡೆ ಮೀನಿನ ದೊಡ್ಡ ತುಂಡನ್ನು ನನಗೆ ಬಡಿಸಲಿಲ್ಲ. ನಮ್ಮ ಮನೆಯಲ್ಲಿ ಕೋಪ ತೋರಿಸುವ ಕ್ರಮ ಅದು. ಊಟದ ನಡುವೆ, ಅಷ್ಟಕ್ಕೂ ಆ ಎಂಟಕ್ಕೂ ಹದಿನಾರಕ್ಕೂ ಎಂತ ಅಷ್ಟು ವ್ಯತ್ಯಾಸ ಎಂದು ಕೇಳಿದರು. ಫೋನಿನಲ್ಲಿ ಎರಡನ್ನೂ ಓಡಿಸುವ ವಿಡಿಯೋ ತೋರಿಸಿದೆ. ಅವರಿಗೆ ಕುದುರೆ ಮಾತ್ರ ಕಂಡಿತು. ಆಗ ತಡ್ಪೆಯ ಲೆಕ್ಕದಲ್ಲಿ ಹೇಳಿದೆ. ಬೀಡಿ ಕಟ್ಟುವವರ ಕೈ ಒಂದೇ ವೇಗ ಎಂದಿಟ್ಟುಕೊಳ್ಳಿ. ಒಬ್ಬಳ ಮಡಿಲಲ್ಲಿ ದೊಡ್ಡ ತಡ್ಪೆ, ಎಲೆ, ಹೊಗೆಸೊಪ್ಪು, ನೂಲು ಎಲ್ಲ ಅದರಲ್ಲೇ. ಇನ್ನೊಬ್ಬಳಿಗೆ ಅಂಗೈಯಗಲದ ತಟ್ಟೆ. ಅವಳು ನಾಲ್ಕು ಬೀಡಿಗೊಮ್ಮೆ ಎದ್ದು ಹೋಗಿ ಎಲೆ ತರಬೇಕು. ಕೈ ಎಷ್ಟು ಚುರುಕಾದರೂ ಕೆಲಸ ನಿಲ್ಲುತ್ತದೆ.

ಅಮ್ಮ ಅನ್ನ ಕಲಸುತ್ತಾ ಕೇಳಿದರು. ಈಗ ಬೀಡಿ ಬಿಟ್ಟಿದ್ದಾರೆ, ಬೆರಳು ಪೂರ್ತಿ ಚಾಚಲಿಕ್ಕೆ ಬರುವುದಿಲ್ಲ.

"ಹಾಗಾದ್ರೆ ಒಂದೇ ಅಲ್ಲ ಅದು," ಎಂದರು.

ಅಷ್ಟೇ ಹೇಳಿದ್ದು. ಕಾರ್ಡನ್ನು ವಾಪಸ್ ಕಳಿಸು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಮರುದಿನ ಆಫೀಸಿನಿಂದ ಹಂಪನಕಟ್ಟೆಯ ಅದೇ ಅಂಗಡಿಗೆ ಹೋದೆ. ಬೇಕೆಂದೇ ಅಲ್ಲಿಗೆ ಹೋದದ್ದು. ಹದಿನಾರರದ್ದು ತರಿಸಿ, ಬೇರೆ ಯಾವುದೂ ತೋರಿಸಬೇಡಿ ಎಂದೆ. ಮೇಡಂ ಮತ್ತೆ ಬಂದ್ರಾ ಎಂದು ನಕ್ಕರು, ನಾನು ನಗಲಿಲ್ಲ. ಉಳಿತಾಯದಿಂದ ತೆಗೆದೆ, ಅದು ನನ್ನ ವಿಚಾರ. ಬಂತೆಂದು ಫೋನು ಬಂದ ದಿನ ಕೌಂಟರಿನಲ್ಲೇ ಬಾಕ್ಸಿನ ಮೂಲೆಯ ಅಂಕಿಯನ್ನು ಗಟ್ಟಿಯಾಗಿ ಓದಿದೆ. ಅಲ್ಲಿಯೇ ಅವರ ಕಂಪ್ಯೂಟರಿಗೆ ಹಾಕಿಸಿ, ಪರದೆಯಲ್ಲಿ ಹದಿನಾರು ಎಂದು ಬರುವವರೆಗೆ ನಿಂತೆ. ಹಿಂದೆ ಕಾಯುತ್ತಿದ್ದವರು ಗೊಣಗಿದರು. ಗೊಣಗಲಿ. ಬಸ್ಸಿನಲ್ಲಿ ಬಾಕ್ಸನ್ನು ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ಬಂದೆ, ಕವರ್ ಕೂಡ ಹಾಕಿಸಲಿಲ್ಲ.

ಆಟ ಹೇಗಿತ್ತು ಎಂದು ಕೇಳಿದರೆ, ಚೆನ್ನಾಗಿತ್ತು. ಕುದುರೆ ನಿಲ್ಲಲಿಲ್ಲ. ಊರಿನ ಗೋಡೆಗಳಲ್ಲಿ ಸುಣ್ಣ ಎದ್ದದ್ದೂ ಕಾಣುತ್ತಿತ್ತು. ಆದರೆ ಆ ಖುಷಿಯ ಪಕ್ಕದಲ್ಲೇ ಸಿಟ್ಟೂ ಕೂತಿತ್ತು, ಇನ್ನೂ ಎದ್ದು ಹೋಗಿಲ್ಲ. ಒಂದು ವಸ್ತುವನ್ನು ಇಷ್ಟು ಸರಳವಾಗಿ ಕೇಳಿ, ಇಷ್ಟು ಸರಳವಾಗಿ ಪಡೆಯಬಹುದಾಗಿದ್ದರೆ, ಇಷ್ಟು ವರ್ಷ ಇವರೆಲ್ಲ ನಡುವೆ ಬಂದು ನಿಂತದ್ದು ಯಾಕೆ?

ಕಾಕನ ರಜೆ ಮುಗಿಯಿತು. ಹೊರಡುವ ಹಿಂದಿನ ಸಂಜೆ ನಮ್ಮ ಕಟ್ಟು ಕೊಂಡು ಹೋಗಲಿಕ್ಕೆ ಬರುತ್ತಾರೆ. ಇಲ್ಲಿಂದ ಅಲ್ಲಿಗೆ ಹೋಗುವ ಕಟ್ಟಿಗೂ ಒಂದು ರೂಢಿ ಉಂಟು. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಒಣಮೀನು, ಅಮ್ಮನ ಕೈಯ ಮಾವಿನ ಉಪ್ಪಿನಕಾಯಿ. ಅಣ್ಣ ಅಲ್ಲಿಂದ ಕಳಿಸಿದ ಯಾವ ವಸ್ತುವೂ ಸರಿಯಿಲ್ಲವೆಂದು ಈ ಮನೆಯಿಂದ ಹಿಂದೆ ಹೋದದ್ದಿಲ್ಲ. ಸಣ್ಣದಾದ ಅಂಗಿಯನ್ನೂ ಉಸಿರು ಬಿಗಿಹಿಡಿದು ತೊಟ್ಟದ್ದೇ. ಅಮ್ಮ ನೆಲದಲ್ಲಿ ಕೂತು ಕಟ್ಟು ಕಟ್ಟುತ್ತಿದ್ದರು. ನಾನು ಕಾರ್ಡನ್ನು ಅದೇ ನೀಲಿ ಬೈರಾಸಿನಲ್ಲಿ ಸುತ್ತಿ ಅವರ ಎದುರು ಇಟ್ಟೆ. ಅಮ್ಮ ನನ್ನ ಮುಖ ನೋಡಿದರು. ಬ್ಲೆಂಡರ್ ಅಡಿಗೆಮನೆಯಲ್ಲೇ ಇತ್ತು, ಅವರು ಎರಡು ದಿನದಿಂದ ಅದರಲ್ಲೇ ಮಜ್ಜಿಗೆ ಕಡೆಯಲಿಕ್ಕೆ ಶುರುಮಾಡಿದ್ದರು. ಅದನ್ನು ಹಿಂದೆ ಕಳಿಸಲಿಕ್ಕೆ ನಾನು ಕೇಳಲಿಲ್ಲ.

ಕಾಕ ಬಂದರು. ಚಾ ಕುಡಿಯುತ್ತಾ ಕಟ್ಟನ್ನು ಎತ್ತಿ ತೂಕ ನೋಡಿದರು, ಬೈರಾಸು ನೋಡಿ ಗುರುತು ಹಿಡಿದರು.

"ಇದು ನಾನು ತಂದದ್ದಲ್ವಾ? ಅಕ್ಕಿ, ಮೀನು ಎಲ್ಲ ಹೊತ್ತುಕೊಂಡು ಹೋಗಿದ್ದೇನೆ. ಕಂಪ್ಯೂಟರ್ ಸಾಮಾನು ಊರಿಂದ ಅಲ್ಲಿಗೆ ಹೋಗುವುದು ಇದೇ ಮೊದಲು."

ನಾನು ಬಾಯಿ ತೆರೆದೆ. ಹೇಳಲಿಕ್ಕೆ ಒಂದು ತಿಂಗಳಿನಿಂದ ಮಾತು ಜೋಡಿಸಿ ಇಟ್ಟಿದ್ದೆ. ಅಷ್ಟರಲ್ಲಿ ಅಮ್ಮ, ಅವರ ಮುಖ ನೋಡದೆ, ಹಗ್ಗ ಬಿಗಿಯುತ್ತಾ ಹೇಳಿದರು:

"ಇವಳು ಹೇಳಿದ್ದು ಬೇರೆ, ಅವ ಕಳಿಸಿದ್ದು ಬೇರೆ. ನಾನು ಹೇಳಿದೆ ಅಂತ ಹೇಳಿ ಕೊಡಿ."

ಮತ್ತೆ ಗಂಟು ಸಡಿಲಿಸಿ, ಒಣಮೀನಿನ ಪೊಟ್ಟಣವನ್ನು ಬೈರಾಸಿನಿಂದ ದೂರ, ಅಕ್ಕಿಯ ಆಚೆ ಬದಿಗೆ ಇಟ್ಟರು. ವಾಸನೆ ಹಿಡೀತದೆ, ಇನ್ನೊಬ್ಬರಿಗೆ ಕೊಡುವ ಸಾಮಾನು ಎಂದರು.